ನೆಲಬಾಡಿಗೆಗೆ ಯಾವ ಮತ?

ಕಾಪುವಿನ ಮಾರಿಯಮ್ಮನಿಗೆ ವರ್ಷಕ್ಕೆ ಮೂರು ಪೂಜೆ. ಸುಗ್ಗಿಯದೊಂದು, ಆಟಿಯದೊಂದು, ಜಾರ್ದೆಯದೊಂದು. ಗುಡಿಗಳೂ ಮೂರು: ಹಳೆ ಮಾರಿಗುಡಿ, ಹೊಸ ಮಾರಿಗುಡಿ, ಮೂರನೇ ಮಾರಿಗುಡಿ. ಮಂಗಳವಾರ ಶುರುವಾಗಿ ಬುಧವಾರ ಮುಗಿಯುವ ಈ ಪೂಜೆಗೆ ಮುಂಬಯಿಯಲ್ಲಿ ಹೋಟೆಲಿಟ್ಟವನೂ ಬರುತ್ತಾನೆ, ಗೇರುಬೀಜದ ಕಾರ್ಖಾನೆಯಲ್ಲಿ ಒಂದು ದಿನದ ಕೂಲಿ ಬಿಟ್ಟ ಹೆಂಗಸೂ ಬರುತ್ತಾಳೆ. ಬಂದವರಿಗೆ ಕೋಳಿ ಬೇಕು, ತೆಂಗಿನಕಾಯಿ ಬೇಕು, ಮಲ್ಲಿಗೆ ಬೇಕು. ಮಕ್ಕಳಿಗೆ ಬಳೆ, ಬಲೂನು, ಐಸ್‌ಕ್ಯಾಂಡಿ ಬೇಕು. ಸುಗ್ಗಿಯ ಬಿಸಿಲಿಗೆ ಕಲ್ಲಂಗಡಿ ಬೇಕು. ಇದನ್ನೆಲ್ಲ ಮಾರುವವನು ಲಕ್ಷಾಧೀಶನಲ್ಲ. ಬಡ್ಡಿಗೆ ತಂದ ಹಣದಲ್ಲಿ ಸರಕು ಹಾಕಿ, ಎರಡು ದಿನ ನಿಂತು ಮಾರಿ, ಮೂರನೆಯ ದಿನ ಬಡ್ಡಿ ತೀರಿಸಿ, ಮಿಕ್ಕಿದ್ದರಲ್ಲಿ ಮನೆಗೆ ಅಕ್ಕಿ ಒಯ್ಯುವವನು.

ಅಮ್ಮನ ಮುಡಿಗೆ ಏರುವ ಮಲ್ಲಿಗೆಯನ್ನೇ ನೋಡಿ. ಶಂಕರಪುರದ ಸುತ್ತಿನಲ್ಲಿ ಅದನ್ನು ಬೆಳೆಯುವವರಲ್ಲಿ ಕ್ರೈಸ್ತರ ಮನೆಗಳು ಎಷ್ಟೋ ಉಂಟು. ಬೆಳಗ್ಗೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ ಕೊಟ್ಟ ಆ ಹೂವಿಗೆ ಅದು ಯಾರ ಅಂಗಳದ್ದೆಂದು ಯಾವ ಅರ್ಚಕರೂ ಕೇಳಿದ್ದಿಲ್ಲ. ಹೊಸ ಮಾರಿಗುಡಿಯಲ್ಲಿ ತಲೆಮಾರುಗಳಿಂದ ನಾಗಸ್ವರ ಊದುತ್ತ ಬಂದ ಮುಸ್ಲಿಂ ಮನೆತನವೂ ಉಂಟು. ಮಾರಿಯಮ್ಮ ಇದನ್ನೆಲ್ಲ ಒಪ್ಪಿಕೊಂಡೇ ಬಂದಿದ್ದಳು. ಒಪ್ಪದೆ ಹೋದದ್ದು ಬೆಂಗಳೂರಿನಲ್ಲಿ ಬರೆದ ಒಂದು ಉಪನಿಯಮ.

2022ರ ಮಾರ್ಚ್ ತಿಂಗಳು. ಸುಗ್ಗಿ ಮಾರಿಪೂಜೆ ಹತ್ತಿರ ಬಂದಿತ್ತು. ಹೊಸ ಮಾರಿಗುಡಿಯ ಸುತ್ತಿನ ಜಾಗವನ್ನು ಅಂಗಡಿಗಳಿಗೆ ಏಲಂ ಹಾಕುವಾಗ, ಈ ಸಲ ಹಿಂದೂಗಳಿಗೆ ಮಾತ್ರ ಎಂದರು. ಕೆಲವು ಸಂಘಟನೆಗಳು ಮನವಿ ಕೊಟ್ಟಿದ್ದುವು, ಆಡಳಿತದವರು ಒಪ್ಪಿಕೊಂಡರು. ಶಾಂಭವಿ ಹೊಳೆಯ ಆಚೆ ಮುಲ್ಕಿಯ ಬಪ್ಪನಾಡು ಜಾತ್ರೆಯಲ್ಲಿಯೂ ಅಂಥದೇ ಬ್ಯಾನರು ಎದ್ದಿತು. ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕ ಕಟ್ಟಿಸಿದ ಗುಡಿ ಎಂದು ಐತಿಹ್ಯವೇ ಹೇಳುವ, ಅವನ ಹೆಸರನ್ನೇ ಊರಿಗೆ ಇಟ್ಟುಕೊಂಡ ಕ್ಷೇತ್ರ ಅದು! ನಾಲ್ಕಾರು ದಿನಗಳಲ್ಲಿ ಈ ಬ್ಯಾನರು ಕರಾವಳಿಯನ್ನು ದಾಟಿ ಘಟ್ಟದ ಮೇಲಿನ ಜಾತ್ರೆಗಳಿಗೂ ಹಬ್ಬಿತು.

ವಿಷಯ ವಿಧಾನಸಭೆಗೆ ಹೋಯಿತು. ಅಲ್ಲಿ ಆಗಿನ ಕಾನೂನು ಮಂತ್ರಿ ಜೆ. ಸಿ. ಮಾಧುಸ್ವಾಮಿಯವರು ಎದ್ದು ನಿಂತು, ಇದು ನಾವು ಮಾಡಿದ್ದಲ್ಲ, ನಿಯಮವೇ ಹೀಗೆ ಉಂಟು ಎಂದು ಪುಸ್ತಕ ತೆರೆದರು. ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ನಿಯಮಗಳು, 2002. ಅದರ 31ನೆಯ ನಿಯಮ, 12ನೆಯ ಉಪನಿಯಮ. ಸಂಸ್ಥೆಯ ಹತ್ತಿರದ ಜಮೀನು, ಕಟ್ಟಡ, ನಿವೇಶನ ಯಾವುದನ್ನೂ ಹಿಂದೂ ಅಲ್ಲದವರಿಗೆ ಗೇಣಿಗೆ ಕೊಡಕೂಡದು. ಆವರಣದ ಹೊರಗಿನ ಬೀದಿಯಲ್ಲಿ ತಡೆದಿದ್ದರೆ ಮಾತ್ರ ಸರಿಪಡಿಸುತ್ತೇವೆ ಎಂದೂ ಹೇಳಿದರು. ಹೊರಗಿನ ಬೀದಿಗಾದರೂ ಒಂದು ಮಾತು ಸಿಕ್ಕಿತಲ್ಲ ಎಂದು ಸಮಾಧಾನಪಟ್ಟುಕೊಳ್ಳುವಂತಿರಲಿಲ್ಲ. ಬೀದಿಯಲ್ಲಿ ಬ್ಯಾನರು ಕಟ್ಟಿದವರನ್ನು ತಡೆಯಲು ಯಾರೂ ಬರಲಿಲ್ಲ.

ಇಲ್ಲಿ ನಗಬೇಕೋ ಅಳಬೇಕೋ ತಿಳಿಯದ ಎರಡು ಸಂಗತಿಗಳಿವೆ. ಈ ಉಪನಿಯಮ ಬರೆದದ್ದು 2002ರಲ್ಲಿ, ಎಸ್. ಎಂ. ಕೃಷ್ಣರ ಕಾಂಗ್ರೆಸ್ ಸರಕಾರ. ಓದಿ ಹೇಳಿದ್ದು 2022ರಲ್ಲಿ, ಬಿಜೆಪಿ ಸರಕಾರ. ಜಾತ್ಯತೀತ ಎಂದು ಎದೆ ತಟ್ಟಿಕೊಳ್ಳುವವರು ಬೀಗ ಮಾಡಿಟ್ಟರು, ಇನ್ನೊಬ್ಬರು ಇಪ್ಪತ್ತು ವರ್ಷಗಳ ಮೇಲೆ ಬಂದು ಕೀಲಿ ತಿರುಗಿಸಿದರು. ಚುನಾವಣೆಯಲ್ಲಿ ಇವರಿಬ್ಬರೂ ಬೇರೆ ಬೇರೆ ಗಾಡಿಗಳಲ್ಲಿ ಬರುತ್ತಾರೆ, ಅಷ್ಟೆ. ಎರಡನೆಯದು ಇನ್ನೂ ಸೋಜಿಗದ್ದು. ಆ ಹೊತ್ತಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ. ಅವರ ತಂದೆ ಎಸ್. ಆರ್. ಬೊಮ್ಮಾಯಿಯವರ ಹೆಸರಿನ ಮೊಕದ್ದಮೆಯಲ್ಲಿಯೇ 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು, ಮತಧರ್ಮಗಳ ವಿಷಯದಲ್ಲಿ ಸರಕಾರ ತಟಸ್ಥವಾಗಿರಬೇಕಾದದ್ದು ನಮ್ಮ ಸಂವಿಧಾನದ ಮೂಲಕಟ್ಟಿನ ಸಂಗತಿ ಎಂದು ಸಾರಿದ್ದು. ತಂದೆ ಗೆದ್ದುಕೊಟ್ಟ ತೀರ್ಪನ್ನು ಮಗನ ಸರಕಾರವು ಒಂದು ಉಪನಿಯಮದ ಅಡಿಗೆ ಹಾಕಿ ಕೂತಿತು.

ಆ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಬಳೆ, ಆಟಿಕೆ ಮಾರುವವನು. ಊರು ಯಾವುದು, ಜಾತ್ರೆ ಯಾವುದು ಎಂದು ಬರೆಯುವುದಿಲ್ಲ, ಅವನು ನಾಳೆಯೂ ಅಲ್ಲಿಯೇ ಬದುಕಬೇಕು. “ಮಾಷ್ಟ್ರೆ, ಸರಕು ತಂದಾಯಿತು. ಬೊಂಬಾಯಿಯಿಂದ ಬಂದ ಮಾಲು, ವಾಪಸು ತೆಗೆದುಕೊಳ್ಳುವುದಿಲ್ಲ. ಇನ್ನೆಂತ ಮಾಡುವುದು?” ಎಂದ. ನಾನು ಮಾಷ್ಟ್ರಾಗಿದ್ದಾಗ ದಾಖಲಾತಿ ಪುಸ್ತಕದಲ್ಲಿ ಇವನ ಹೆಸರಿನ ಮುಂದೆ ಮತ, ಜಾತಿ ಎಂದು ಬರೆದಿತ್ತು. ಹಾಜರಿ ಕರೆಯುವಾಗ ನಾನು ಅದನ್ನು ಓದಿರಲಿಲ್ಲ. ಅದನ್ನು ಗಟ್ಟಿಯಾಗಿ ಓದಿ, ಏಳು, ಹೊರಗೆ ನಡೆ ಎಂದು ಒಂದು ಸರಕಾರ ಹೇಳುವುದನ್ನು ಅವನು ದೊಡ್ಡವನಾದ ಮೇಲೆ ಕೇಳಬೇಕಾಯಿತು. ನನ್ನಲ್ಲಿ ಉತ್ತರವಿರಲಿಲ್ಲ. ಈ ಬರಹ ಅವನಿಗೆ ತಡವಾಗಿ ಕೊಟ್ಟ ಉತ್ತರವೆಂದೇ ತಿಳಿಯಿರಿ.

ಪ್ರಶ್ನೆ ಇಷ್ಟೆ. ದೇವಸ್ಥಾನದ ಸುತ್ತಿನ ನೆಲವನ್ನು ಎರಡು ದಿನಕ್ಕೆ ಬಾಡಿಗೆಗೆ ಕೊಡುವುದು ಪೂಜೆಯೇ, ವ್ಯವಹಾರವೇ?

ಈ ಪ್ರಶ್ನೆಗೆ ಉತ್ತರ ಹುಡುಕಲು ಪರವೂರಿಗೆ ಹೋಗಬೇಕಾಗಿಲ್ಲ. ಉತ್ತರ ಹುಟ್ಟಿದ್ದು ನಮ್ಮ ಉಡುಪಿಯ ರಥಬೀದಿಯಲ್ಲಿ. ಕೃಷ್ಣನ ಪೂಜೆ ಎಂಟು ಮಠಗಳಿಗೆ ಸರದಿಯಲ್ಲಿ ಬರುತ್ತದೆ, ಒಬ್ಬೊಬ್ಬರಿಗೆ ಎರಡೆರಡು ವರ್ಷ, ಇದಕ್ಕೆ ಪರ್ಯಾಯ ಎಂದು ಹೆಸರು. ನಿಮಗೆ ಗೊತ್ತಿದ್ದದ್ದೇ. ಪರ್ಯಾಯ ಎಂದರೆ ಊಟ, ದೀಪ, ಉತ್ಸವ, ಖರ್ಚಿನ ಮೇಲೆ ಖರ್ಚು. ಶೀರೂರು ಮಠದ ಶ್ರೀ ಲಕ್ಷ್ಮೀಂದ್ರ ತೀರ್ಥರಿಗೆ 1946ರಲ್ಲಿ ಎರಡನೆಯ ಸಲ ಪರ್ಯಾಯ ಬಂತು. ಯುದ್ಧ ಮುಗಿದ ಕಾಲ, ಅಕ್ಕಿ ಬೇಳೆಗೆ ಅಭಾವ, ಬೆಲೆ ಆಕಾಶಕ್ಕೆ. ಸ್ವಾಮಿಗಳು ಸಾಲ ಮಾಡಿದರು. ಸಾಲ ಬೆಳೆದು ಸುಮಾರು ಒಂದು ಲಕ್ಷ ರೂಪಾಯಿಗೆ ಮುಟ್ಟಿತು. ಆಗ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿದ್ದು. ಅಲ್ಲಿಯ ಹಿಂದೂ ಧಾರ್ಮಿಕ ದತ್ತಿ ಮಂಡಳಿ ಮಠದ ಆಡಳಿತಕ್ಕೆ ಕೈ ಹಾಕಿತು. 1951ರಲ್ಲಿ ಹೊಸ ಕಾಯಿದೆಯೂ ಬಂತು. ಸ್ವಾಮಿಗಳು ಕೋರ್ಟಿಗೆ ಹೋದರು, ಮದ್ರಾಸು ಹೈಕೋರ್ಟಿನಲ್ಲಿ ಗೆದ್ದರು, ಸರಕಾರ ಅಪೀಲು ಹೋಯಿತು. 1954ರ ಮಾರ್ಚ್ 16ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ಬಿ. ಕೆ. ಮುಖರ್ಜಿಯವರು.

ಇಂದಿಗೂ ಇಡೀ ಭಾರತದ ವಕೀಲರು ಶೀರೂರು ಮಠದ ಕೇಸು ಎಂದು ಹೇಳುವುದು ಇದನ್ನೇ. ನಮ್ಮ ಊರಿನ ಜನಕ್ಕೆ ಮಾತ್ರ ಇದು ಗೊತ್ತಿಲ್ಲ. ದೇವರಿಗೆ ಯಾವ ಹೊತ್ತಿಗೆ ಏನು ನೈವೇದ್ಯ, ಯಾವ ಮಂತ್ರ, ಯಾವ ವಿಧಿ, ಇವು ಮತದ ಒಳಗಿನ ಮಾತು. ಅದನ್ನು ಆ ಮತದ ಸಿದ್ಧಾಂತದಿಂದಲೇ ತಿಳಿಯಬೇಕು, ಹೊರಗಿನ ಅಧಿಕಾರಿ ಅಪ್ಪಣೆ ಕೊಡಕೂಡದು ಎಂದು ತೀರ್ಪು ಹೇಳಿತು. ಕಮಿಷನರು ಬೇಕಾದಾಗ ಬೇಕಾದಲ್ಲಿ ಒಳಗೆ ನುಗ್ಗುವ ಅಧಿಕಾರವನ್ನು ಕಿತ್ತುಹಾಕಿತು. ಮಠಗಳಿಂದ ಆದಾಯದ ನೂರಕ್ಕೆ ಐದರವರೆಗೆ ವಸೂಲು ಮಾಡುವ ಕಲಮನ್ನು, ಇದು ಶುಲ್ಕವಲ್ಲ, ತೆರಿಗೆ ಎಂದು ರದ್ದು ಮಾಡಿತು. ಆದರೆ ಅದೇ ಉಸಿರಿನಲ್ಲಿ, ಸ್ಥಿರ ಚರ ಸೊತ್ತಿನ ಆಡಳಿತ ಮತ್ತು ಹಣದ ಲೆಕ್ಕ ಲೌಕಿಕ ವ್ಯವಹಾರ, ಅದು ನಾಡಿನ ಕಾನೂನಿಗೆ ಒಳಪಟ್ಟದ್ದು ಎಂದೂ ಹೇಳಿತು. ಒಂದು ಕಡೆ ಗರ್ಭಗುಡಿ, ಇನ್ನೊಂದು ಕಡೆ ಜಮಾಖರ್ಚಿನ ಪುಸ್ತಕ. ನಡುವೆ ಗೆರೆ.

ಈಗ ಕಾಪುವಿಗೆ ಬನ್ನಿ. ಅಂಗಡಿ ಜಾಗದ ಏಲಂ ಯಾವ ಕಡೆ ಬಿತ್ತು? ಏಲಂ ಕೂಗುವಾಗ ಮಂತ್ರ ಹೇಳುತ್ತಾರೆಯೆ? ರಶೀದಿ ಕೊಡುವಾಗ ಮಡಿ ಉಡುತ್ತಾರೆಯೆ? ಅದು ಲೆಕ್ಕದ ಪುಸ್ತಕದ ಕಡೆಯದು. ಲೆಕ್ಕದ ಪುಸ್ತಕದ ಕಡೆಯದಾದರೆ ಅಲ್ಲಿ ನಡೆಯಬೇಕಾದದ್ದು ದೇಶದ ಕಾನೂನು, ಆ ಕಾನೂನಿನ ತಾಯಿ ಸಂವಿಧಾನ. ಸಂವಿಧಾನದ 15ನೆಯ ಅನುಚ್ಛೇದ ಸರಕಾರವು ಯಾವ ಪ್ರಜೆಗೂ ಮತದ ಕಾರಣದಿಂದ ಭೇದ ಮಾಡಕೂಡದೆನ್ನುತ್ತದೆ. 19ನೆಯದು ಯಾವ ಪ್ರಜೆಯೂ ತನ್ನ ಕಸುಬನ್ನು, ವ್ಯಾಪಾರವನ್ನು ಮಾಡಬಹುದೆನ್ನುತ್ತದೆ. ಉಪನಿಯಮ ಬರೆದದ್ದು ಸರಕಾರ. ಅದು ನಡೆಯುವುದು ಸರಕಾರದ ಮುಜರಾಯಿ ಇಲಾಖೆಯ ಪಟ್ಟಿಯಲ್ಲಿರುವ ದೇವಸ್ಥಾನಗಳಲ್ಲಿ. ಹಾಗಾದರೆ ಮುಸಲ್ಮಾನನಿಗೆ ಜಾಗ ಇಲ್ಲ ಎಂದದ್ದು ಮಾರಿಯಮ್ಮನೂ ಅಲ್ಲ, ಭಕ್ತರೂ ಅಲ್ಲ. ಎಲ್ಲರ ತೆರಿಗೆಯಲ್ಲಿ ನಡೆಯುವ ಸರಕಾರ ಹಾಗೆ ಹೇಳಿತು. ಮತಕ್ಕೆ ಮೀಸಲಾದ ಕಡೆ ಸರಕಾರ ಕೈ ಹಾಕಕೂಡದೆಂದು ಉಡುಪಿಯ ಮಠ ಹೋರಾಡಿ ಗೆದ್ದಿತು. ಅದರ ಇನ್ನೊಂದು ಮಗ್ಗುಲನ್ನು, ಸರಕಾರಕ್ಕೆ ಮೀಸಲಾದ ಕಡೆ ಮತ ಕೈ ಹಾಕಕೂಡದೆಂಬುದನ್ನು, ನಾವು ಇನ್ನೂ ಗೆಲ್ಲಬೇಕಾಗಿದೆ.

ವಿರೋಧಿಗಳು ಹೇಳುವುದನ್ನೂ ಕೇಳೋಣ. ಕೇಳದೆ ಬಯ್ಯುವುದು ಪುಢಾರಿಯ ಕೆಲಸ.

ಹಿಜಾಬಿನ ತೀರ್ಪು ಬಂದಾಗ, 2022ರ ಮಾರ್ಚ್ 17ರಂದು, ಅವರು ಅಂಗಡಿ ಮುಚ್ಚಿ ಬಂದ್ ಮಾಡಿದರಲ್ಲ, ಕೋರ್ಟಿಗೆ ಮರ್ಯಾದೆ ಕೊಡದವರಿಗೆ ನಾವೇಕೆ ಜಾಗ ಕೊಡಬೇಕು ಎಂದು ಒಂದು ಮಾತು ಬಂತು. ಗಿರಣಿಯ ಗೆಳೆಯರೇ, ಈ ಮಾತನ್ನು ನೀವು ಎರಡು ಸಲ ಕೇಳಿಸಿಕೊಳ್ಳಿ. ತನ್ನ ಅಂಗಡಿಯ ಬಾಗಿಲನ್ನು ತಾನು ಒಂದು ದಿನ ಹಾಕಿಕೊಂಡದ್ದಕ್ಕೆ ಶಿಕ್ಷೆ! ಮುಷ್ಕರ ಹೂಡಿದವನಿಗೆ ಮರುದಿನ ಗೇಟು ತೆರೆಯುವುದಿಲ್ಲ ಎಂದು ಹೇಳುವ ಧಣಿಯ ಮಾತಿಗೂ ಇದಕ್ಕೂ ಏನು ವ್ಯತ್ಯಾಸ? ಒಂದು ದಿನ ಬಂದ್ ಮಾಡಿದವರಿಗೆ ಜಾತ್ರೆಯೇ ಇಲ್ಲ ಎನ್ನುವ ನ್ಯಾಯವನ್ನು ಇಂದು ನೆರೆಮನೆಯವನ ಮೇಲೆ ಒಪ್ಪಿಕೊಂಡರೆ, ನಾಳೆ ಬೋನಸ್ಸಿಗಾಗಿ ಕೆಲಸ ನಿಲ್ಲಿಸಿದಾಗ ನಿಮ್ಮ ಮೇಲೆಯೂ ಒಪ್ಪಿಕೊಳ್ಳಬೇಕಾಗುತ್ತದೆ. ಬಂದ್ ಮಾಡಿದ್ದು ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಅಂದು ಬಾಗಿಲು ಹಾಕದಿದ್ದವನಿಗೂ ಜಾಗ ಸಿಗಲಿಲ್ಲವಲ್ಲ! ವಿಚಾರಿಸಿದ್ದು ಅವನೇನು ಮಾಡಿದ ಎಂದಲ್ಲ, ಅವನ ಹೆಸರೇನು ಎಂದು.

ಅವರ ಮಸೀದಿಯ ಜಾಗದಲ್ಲಿ ನಮಗೆ ಕೊಡುತ್ತಾರೆಯೇ ಎಂಬುದು ಇನ್ನೊಂದು. ಕೊಡದಿದ್ದರೆ ಅಲ್ಲಿಯೂ ಕೇಳಬೇಕಾದ್ದೇ. ಆದರೆ ಕಾರ್ಕಳದವರು ಒಂದು ಸಲ ಅತ್ತೂರಿನ ಸಾಂತ್‌ಮಾರಿಯನ್ನು ನೆನಪು ಮಾಡಿಕೊಳ್ಳಿ. ಜನವರಿಯಲ್ಲಿ ಸಂತ ಲಾರೆನ್ಸರ ಹಬ್ಬಕ್ಕೆ ಅಲ್ಲಿ ಹರಕೆ ಹೊರುವವರೆಲ್ಲ ಕ್ರೈಸ್ತರೇ? ಮೇಣದ ಬತ್ತಿ ಮಾರುವವರು, ಮಿಠಾಯಿ ಮಾರುವವರು, ಚರುಮುರಿ ಕಲಸುವವರು ಯಾರು ಯಾರು ಎಂದು ನೀವೇ ಕಂಡಿದ್ದೀರಿ. ಇಂಥ ನೆಲದಲ್ಲಿ ನಿಂತು, ಅವರು ಕೊಡದಿದ್ದರೆ ನಾವೂ ಕೊಡೆವು ಎನ್ನುವುದು ಗಂಡಸುತನವೆಂದು ಯಾರು ಕಲಿಸಿದರೋ ತಿಳಿಯದು.

ವ್ಯಾಪಾರಿಗಳಲ್ಲಿ ಕೆಲವರು ಒಳಗೊಳಗೇ ಖುಷಿಪಟ್ಟರು. ಪೈಪೋಟಿ ಕಡಿಮೆಯಾಯಿತಲ್ಲ ಎಂದು. ಅವರಿಗೆ ಒಂದು ಲೆಕ್ಕ. ನಲವತ್ತು ಮಂದಿ ಕೂಗುವ ಏಲಂನಲ್ಲಿ ಇಪ್ಪತ್ತು ಮಂದಿಯನ್ನು ಹೊರಗಿಟ್ಟರೆ ಉಳಿದ ಜಾಗ ಚಿಕ್ಕ ವ್ಯಾಪಾರಿಗೆ ಅಗ್ಗವಾಗಿ ಸಿಗುತ್ತದೆಯೆ? ಕೈಯಲ್ಲಿ ನಗದು ಇರುವ ಒಬ್ಬ ಧಣಿ ಸಾಲಾಗಿ ಹತ್ತು ಜಾಗ ಹಿಡಿದು, ಮೇಲುಬಾಡಿಗೆಗೆ ನಿಮಗೇ ಕೊಡಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ಬಡವನ ಪೈಪೋಟಿ ಹೋದ ಮೇಲೆ ಉಳಿಯುವುದು ಶ್ರೀಮಂತನ ಪೈಪೋಟಿ. ಅದೂ ಅಲ್ಲದೆ ನಿಮ್ಮ ಕೋಳಿ, ನಿಮ್ಮ ಹಣ್ಣು, ನಿಮ್ಮ ಗುಜರಿ, ನಿಮ್ಮ ಮೀನು ಬರುವುದು ಯಾವ ಮಂಡಿಯಿಂದ, ಸಾಲ ಕೊಟ್ಟವನು ಯಾರು ಎಂದು ನಿಮ್ಮ ನಿಮ್ಮ ಚೋಪಡಿಯಲ್ಲಿಯೇ ನೋಡಿಕೊಳ್ಳಿ.

ಕೊನೆಯದು, ತೂಕದ ಮಾತು. ಸರಕಾರ ದೇವಸ್ಥಾನಗಳನ್ನು ಮಾತ್ರ ಹಿಡಿದಿದೆ, ಬಿಟ್ಟುಬಿಡಲಿ. ಆಗ ನಾವು ಯಾರಿಗೆ ಬೇಕಾದರೂ ಜಾಗ ಕೊಡುತ್ತೇವೆ, ಬಿಡುತ್ತೇವೆ ಎನ್ನುತ್ತಾರೆ. ಇದರಲ್ಲಿ ಅರ್ಧ ಸತ್ಯವುಂಟು, ಅದನ್ನು ಅಲ್ಲಗಳೆಯುವುದು ಬೇಡ. ದೇವರ ನೈವೇದ್ಯಕ್ಕೆ ತಹಸೀಲ್ದಾರ ಸಹಿ ಹಾಕುವುದು ನನಗೂ ವಿಚಿತ್ರವಾಗಿಯೇ ಕಾಣುತ್ತದೆ. ವ್ಯವಸ್ಥಾಪನಾ ಸಮಿತಿಗೆ ಆಳುವ ಪಕ್ಷದ ಬೆಂಬಲಿಗರನ್ನು ತುಂಬುವ ಚಾಳಿಯನ್ನು ಎಲ್ಲ ಪಕ್ಷಗಳೂ ಸಮನಾಗಿ ಪಾಲಿಸಿವೆ. ದೊಡ್ಡ ದೇವಸ್ಥಾನಗಳ ಆದಾಯದಲ್ಲಿ ಸಾಮಾನ್ಯ ನಿಧಿಗೆ ತೆಗೆಯುವ ಪಾಲಿನ ತಿದ್ದುಪಡಿ 2024ರ ಫೆಬ್ರವರಿಯಲ್ಲಿ ವಿಧಾನಪರಿಷತ್ತಿನಲ್ಲಿ ಬಿದ್ದು ವಾರದೊಳಗೆ ಮತ್ತೆ ಎದ್ದಾಗ, ಎರಡೂ ಕಡೆಯವರು ಆಡಿದ ಮಾತಿನಲ್ಲಿ ಭಕ್ತಿ ಎಷ್ಟಿತ್ತು, ಗಲ್ಲಾ ಪೆಟ್ಟಿಗೆ ಎಷ್ಟಿತ್ತು ಎಂದು ಪತ್ರಿಕೆ ಓದಿದವರಿಗೆ ಗೊತ್ತು. ಆದರೆ ಬಿಟ್ಟುಬಿಡಿ ಎನ್ನುವವರು ಶೀರೂರು ಮಠದ ಸಾಲವನ್ನು ಮರೆಯಬಾರದು. ಲೆಕ್ಕ ಕೇಳುವವರಿಲ್ಲದ ದೇವರ ಸೊತ್ತು ಕೆಲವೇ ಮನೆಗಳ ಸೊತ್ತಾಗುವುದಕ್ಕೆ ಹೆಚ್ಚು ಕಾಲ ಬೇಡ. ಗೇಣಿ ಒಕ್ಕಲಾಗಿದ್ದವರ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದ್ದರಿಂದ ಪೂಜೆ ಭಕ್ತರದ್ದಾಗಲಿ, ಲೆಕ್ಕ ಕಾನೂನಿನದ್ದಾಗಲಿ. ಇಲಾಖೆಯ ರಕ್ಷಣೆಯೂ ಬೇಕು, ಇಲಾಖೆಯ ಅನುದಾನವೂ ಬೇಕು, ಆದರೆ ಇಲಾಖೆಯನ್ನು ಕಟ್ಟಿಹಾಕಿರುವ ಸಮಾನತೆ ಮಾತ್ರ ಬೇಡ ಎನ್ನುವ ಇಬ್ಬಂದಿತನ ನಡೆಯದು.

ಸರಕಾರ ಮತದಿಂದ ದೂರ ನಿಲ್ಲಬೇಕು ಎಂದರೆ ಅನ್ಯಾಯಕ್ಕೂ ಬೆನ್ನು ಹಾಕಿ ನಿಲ್ಲಬೇಕೆಂದು ಅರ್ಥವಲ್ಲ. ಇದಕ್ಕೂ ಸಾಕ್ಷಿ ನಮ್ಮ ಕರಾವಳಿಯಲ್ಲಿಯೇ ಉಂಟು. ಮುಲ್ಕಿಯ ವೆಂಕಟರಮಣ ದೇವಸ್ಥಾನದವರು, ಇದು ಗೌಡ ಸಾರಸ್ವತರ ಗುಡಿ, 1947ರ ಮದ್ರಾಸು ದೇವಸ್ಥಾನ ಪ್ರವೇಶ ಕಾಯಿದೆ ನಮಗೆ ಲಗಾವಾಗದು ಎಂದು ವಾದಿಸಿದರು. 1957ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಗುಡಿ ನಿಮ್ಮ ಪಂಗಡದ್ದೆಂಬುದು ನಿಜ, ಕೆಲವು ವಿಶೇಷ ಸೇವೆಗಳನ್ನು ನಿಮ್ಮವರಿಗೇ ಇಟ್ಟುಕೊಳ್ಳಿ, ಆದರೆ ಹಿಂದೂಗಳ ಎಲ್ಲ ವರ್ಗದವರಿಗೂ ಬಾಗಿಲು ತೆರೆಯಲೇಬೇಕು ಎಂದಿತು. ಬಾಗಿಲಲ್ಲಿ ಅಸ್ಪೃಶ್ಯತೆಯನ್ನು ತಡೆಯುವ ಕೈ ಸರಕಾರಕ್ಕೆ ಇರಲೇಬೇಕು. 1947ರಲ್ಲಿ ಬಾಗಿಲು ತೆರೆಸಲು ಬಳಸಿದ ಕೈಯನ್ನೇ 2002ರಲ್ಲಿ ಬಾಗಿಲು ಹಾಕಲು ಬಳಸಿದರು ಎಂಬುದೇ ನಮ್ಮ ತಕರಾರು.

ಈಗ ಹಿಜಾಬಿನ ಮಾತು. ಇದನ್ನು ಬಿಟ್ಟು ಉಡುಪಿಯವನು ಈ ವಿಷಯ ಬರೆದರೆ ಹೆದರಿ ಬಿಟ್ಟ ಎಂದಾರು. 2021ರ ಕೊನೆಯಲ್ಲಿ ಉಡುಪಿಯ ಸರಕಾರಿ ಹೆಣ್ಣುಮಕ್ಕಳ ಪದವಿಪೂರ್ವ ಕಾಲೇಜಿನಲ್ಲಿ ಆರು ಮಂದಿ ಹುಡುಗಿಯರನ್ನು ತಲೆವಸ್ತ್ರದ ಕಾರಣಕ್ಕೆ ತರಗತಿಯ ಹೊರಗೆ ನಿಲ್ಲಿಸಿದಲ್ಲಿಗೆ ಕತೆ ಶುರು. 2022ರ ಫೆಬ್ರವರಿ 5ರಂದು ಸರಕಾರಿ ಆದೇಶ. ಮಾರ್ಚ್ 15ರಂದು ಹೈಕೋರ್ಟಿನ ತೀರ್ಪು. ಶೀರೂರು ಮಠದ ತೀರ್ಪಿಗೆ 68 ವರ್ಷ ತುಂಬಲು ಒಂದು ದಿನ ಬಾಕಿ. ಎರಡೂ ಕೇಸು ಹುಟ್ಟಿದ್ದು ಒಂದೇ ಊರಿನಲ್ಲಿ! 1954ರಲ್ಲಿ, ಮತಕ್ಕೆ ಯಾವುದು ಅತ್ಯಗತ್ಯ ಎಂಬುದನ್ನು ಆ ಮತದವರ ಸಿದ್ಧಾಂತದಿಂದ ತಿಳಿಯಿರಿ ಎಂದಿದ್ದ ಮಾತು, ನಡುವಿನ ವರ್ಷಗಳಲ್ಲಿ ಬೆಳೆದು, ಬಗ್ಗಿ, ಕೊನೆಗೆ ಮೂವರು ನ್ಯಾಯಾಧೀಶರು ಕುರ್‌ಆನನ್ನು ಬಿಡಿಸಿ ಕೂತು, ಇದು ಇಸ್ಲಾಮಿಗೆ ಅತ್ಯಗತ್ಯವಲ್ಲ ಎಂದು ಹೇಳುವಲ್ಲಿಗೆ ಬಂದಿತ್ತು. ನ್ಯಾಯಾಧೀಶನೇ ಖಾಜಿಯಾದರೆ ಸರಕಾರವನ್ನೂ ಮತವನ್ನೂ ಬೇರ್ಪಡಿಸುವವರಾರು? ಅದೇ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಅವರು, ಅತ್ಯಗತ್ಯವೇ ಅಲ್ಲವೇ ಎಂಬ ಪ್ರಶ್ನೆಯೇ ಇಲ್ಲಿ ಬೇಡವಾಗಿತ್ತು, ಇದು ಆಯ್ಕೆಯ ಪ್ರಶ್ನೆ, ಹೆಣ್ಣುಮಗುವಿನ ಓದಿನ ಪ್ರಶ್ನೆ ಎಂದರು. ನಾನು ಪಾಠ ಹೇಳಿದವನು, ನನಗೆ ಆ ಮಾತು ಹಿಡಿಸಿತು. ಮಾಷ್ಟ್ರಿಗೆ ಬೇಕಾದದ್ದು ಹುಡುಗಿಯ ತಲೆಯೊಳಗೆ ಏನು ಹೋಯಿತು ಎಂಬುದು. ವಸ್ತ್ರ ತೊಡು ಎಂದು ಮನೆಯವರಾಗಲಿ ಮೌಲ್ವಿಗಳಾಗಲಿ ಬಲಾತ್ಕಾರ ಮಾಡಿದರೆ ಅದನ್ನೂ ನಾನು ಇದೇ ಅಂಕಣದಲ್ಲಿ ಖಂಡಿಸುತ್ತೇನೆ. ಆದರೆ ಅವಳನ್ನು ಆ ಬಲಾತ್ಕಾರದಿಂದ ಬಿಡಿಸುವ ಬಾಗಿಲು ಕಾಲೇಜೊಂದೇ, ಆ ಬಾಗಿಲನ್ನೇ ಹಾಕಿದರಲ್ಲ! 2023ರ ಡಿಸೆಂಬರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ನಂಜನಗೂಡಿನಲ್ಲಿ, ಆದೇಶ ವಾಪಸು ತೆಗೆಯುತ್ತೇವೆ ಎಂದರು, ಮರುದಿನ ಯೋಚನೆ ಮಾಡುತ್ತಿದ್ದೇವೆ ಎಂದರು. ಒಂದು ರಾತ್ರಿಯಲ್ಲಿ ಎಷ್ಟು ಯೋಚನೆ!

ಕಾರ್ಕಳದ ಗೆಳೆಯರು ತಮ್ಮ ಊರಿನ ಪರಶುರಾಮನನ್ನು ಬಿಟ್ಟೆ ಎಂದು ಬೇಸರಿಸಬಾರದು. ಬೈಲೂರಿನ ಉಮಿಕಲ್ ಗುಡ್ಡದ ಮೇಲೆ ಸರಕಾರ ಕೋಟಿಗಟ್ಟಲೆ ಖರ್ಚು ಮಾಡಿ ಪರಶುರಾಮನ ಥೀಮ್ ಪಾರ್ಕು ಮಾಡಿತು. 2023ರ ಜನವರಿಯಲ್ಲಿ, ಚುನಾವಣೆಗೆ ಕೆಲವೇ ತಿಂಗಳಿರುವಾಗ, ಮುಖ್ಯಮಂತ್ರಿಗಳೇ ಬಂದು ಉದ್ಘಾಟನೆ ಮಾಡಿದರು. ವರ್ಷ ತುಂಬುವ ಮೊದಲೇ ಮೂರ್ತಿ ಕಂಚಿನದೋ ಫೈಬರಿನದೋ ಎಂಬ ಗಲಾಟೆ ಎದ್ದಿತು, ಮೂರ್ತಿಯ ಮೇಲರ್ಧ ಗುಡ್ಡದಿಂದ ಮಾಯವಾಯಿತು, ಪೊಲೀಸು ಕೇಸಾಯಿತು, ತನಿಖೆ ನಡೆಯಿತು. ಕೇಸಿನಲ್ಲಿ ಯಾರು ತಪ್ಪಿತಸ್ಥರು ಎಂದು ಕೋರ್ಟು ಹೇಳಲಿ. ನನಗೆ ಬೇಕಾದದ್ದು ಅದಕ್ಕೂ ಹಿಂದಿನ ಪ್ರಶ್ನೆ. ಮೂರ್ತಿ ಅಪ್ಪಟ ಕಂಚಿನದೇ ಆಗಿದ್ದರೂ ಅದನ್ನು ನಿಲ್ಲಿಸುವುದು ಸರಕಾರದ ಕೆಲಸವಾಗಿತ್ತೇ? ಒಂದು ನಿರ್ದಿಷ್ಟ ಮತದ ಪೋಷಣೆಗಾಗಿ ಯಾರಿಂದಲೂ ತೆರಿಗೆ ಕೇಳುವಂತಿಲ್ಲ ಎಂದು ಸಂವಿಧಾನದ 27ನೆಯ ಅನುಚ್ಛೇದ ಹೇಳುತ್ತದೆ. ಅದು ಪ್ರವಾಸೋದ್ಯಮ, ಮತವಲ್ಲ ಎಂದು ಕಡತದಲ್ಲಿ ಬರೆದು ಪಾರಾಗುತ್ತಾರೆ. ಗೇರುಬೀಜ ಸುಲಿದು ಬೆರಳು ಕಪ್ಪಾದ ಹೆಂಗಸು ಒಂದು ಸಾಬೂನು ಕೊಂಡಾಗ ಕೊಟ್ಟ ತೆರಿಗೆಯೂ ಆ ಗುಡ್ಡ ಹತ್ತಿತು. ಅದೇ ಊರಿನಲ್ಲಿ 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ಗೊಮ್ಮಟ ಇನ್ನೂ ನಿಂತಿದ್ದಾನೆ, ಯಾರೂ ಕೆರೆದು ನೋಡಿ ಕಲ್ಲೋ ಫೈಬರೋ ಎಂದು ಪರೀಕ್ಷಿಸಬೇಕಾಗಿ ಬಂದಿಲ್ಲ. ಅರಸು ತನ್ನ ನಂಬಿಕೆಯಿಂದ ಮಾಡಿದ. ಪುಢಾರಿ ಮತಪೆಟ್ಟಿಗೆಗಾಗಿ ಮಾಡಿದ.

ಅರಸರ ಕಾಲ ಚೆನ್ನಾಗಿತ್ತು ಎಂದು ಇದರ ಅರ್ಥವಲ್ಲ. ದೊರೆಯ ಅನುಮಾನ ಒಂದು ಮತದವರ ಮೇಲೆ ಬಿದ್ದರೆ ಏನಾಗುತ್ತದೆ ಎಂಬುದನ್ನು 1784ರಲ್ಲಿ ಟಿಪ್ಪುವಿನ ಸೈನ್ಯ ಶ್ರೀರಂಗಪಟ್ಟಣಕ್ಕೆ ಹಿಡಿದೊಯ್ದ ಈ ಕರಾವಳಿಯ ಕ್ರೈಸ್ತರ ವಂಶದವರು ಮರೆತಿಲ್ಲ. ಕಿರೀಟ ಯಾವ ಮತದ್ದಾದರೂ ಪೆಟ್ಟು ತಿನ್ನುವವನು ಬಡ ಪ್ರಜೆಯೇ. ಅದಕ್ಕಾಗಿಯೇ ಫ್ರಾನ್ಸಿನವರು 1905ರಲ್ಲಿ ಕಾಯಿದೆ ಮಾಡಿ ಚರ್ಚನ್ನೂ ಸರಕಾರವನ್ನೂ ಬೇರೆ ಮಾಡಿದರು. ನಮ್ಮವರು 1950ರಲ್ಲಿ ಅಷ್ಟು ಕಟ್ಟುನಿಟ್ಟಿನ ಗೋಡೆ ಹಾಕಲಿಲ್ಲ, ಗೆರೆ ಎಳೆದರು. ಗೆರೆಯನ್ನು ದಿನಾ ಕಾಯಬೇಕು.

ಮತವನ್ನು ಅದರ ಪಾಡಿಗೆ ಬಿಟ್ಟರೆ ಕೆಲವೊಮ್ಮೆ ನಾವು ಎಣಿಸದ ಕಡೆಯಿಂದ ಔದಾರ್ಯ ಬರುತ್ತದೆ. 2017ರ ಜೂನಿನಲ್ಲಿ ರಮ್ಜಾನಿನ ಉಪವಾಸ ಬಿಡಲು ಉಡುಪಿಯ ಮುಸಲ್ಮಾನರನ್ನು ಕೃಷ್ಣಮಠದ ಆವರಣಕ್ಕೆ ಕರೆದವರು ಪೇಜಾವರದ ಶ್ರೀ ವಿಶ್ವೇಶತೀರ್ಥರು. ಅವರ ರಾಜಕೀಯ ನಮಗೆ ಒಪ್ಪಿಗೆಯಿರಲಿಲ್ಲ, ಈಗ ಅವರಿಲ್ಲದಿರುವಾಗಲೂ ಹಾಗೆಂದು ಹೇಳಲು ಸಂಕೋಚವಿಲ್ಲ. ಆದರೆ ಆ ದಿನ ಕರ್ಜೂರ ಹಂಚಲು ಅವರಿಗೆ ಇಲಾಖೆಯ ಸುತ್ತೋಲೆ ಬೇಕಾಗಲಿಲ್ಲ. ಪ್ರತಿಭಟನೆ ಮಾಡಿದವರಿಗೆ ಅವರೇ ಉತ್ತರ ಕೊಟ್ಟುಕೊಂಡರು. ಸನ್ಯಾಸಿಗೆ ತನ್ನ ಅಂಗಳದಲ್ಲಿ ಸಾಧ್ಯವಾದದ್ದು, ಎಲ್ಲರ ಸರಕಾರಕ್ಕೆ ಎಲ್ಲರ ಜಾತ್ರೆಯಲ್ಲಿ ಸಾಧ್ಯವಾಗಲಿಲ್ಲ.

ಇನ್ನು ಮಾಡಬೇಕಾದ ಕೆಲಸ. 31ನೆಯ ನಿಯಮದ 12ನೆಯ ಉಪನಿಯಮವನ್ನು ತೆಗೆದುಹಾಕಲು ವಿಧಾನಸಭೆಯಲ್ಲಿ ಮೂರನೇ ಎರಡು ಬಹುಮತ ಬೇಕಾಗಿಲ್ಲ. ಅದು ಸರಕಾರವೇ ಬರೆದ ನಿಯಮ, ಸರಕಾರವೇ ಒಂದು ಅಧಿಸೂಚನೆಯಲ್ಲಿ ತಿದ್ದಬಹುದು. ಮತ ಕೇಳಲು ಬರುವವರನ್ನು, ಅವರು ಯಾವ ಬಣ್ಣದ ಶಾಲು ಹಾಕಿಕೊಂಡು ಬಂದರೂ, ಈ ಒಂದು ಉಪನಿಯಮದ ಹೆಸರು ಹೇಳಿ ಕೇಳಿ. ಭಾಷಣ ಬೇಡ, ಹೌದೋ ಅಲ್ಲವೋ ಎಂದಷ್ಟೇ ಹೇಳಲಿ.

ವ್ಯಾಪಾರಿ ಗೆಳೆಯರು ಬಾಯಿಮಾತಿನಲ್ಲಿ ಇಲ್ಲ ಎನಿಸಿಕೊಂಡು ಸುಮ್ಮನೆ ಮನೆಗೆ ಬರಬಾರದು. ಮುಜರಾಯಿಗೆ ಸೇರಿದ ಯಾವ ದೇವಸ್ಥಾನದ ಜಾತ್ರೆಯೇ ಆಗಲಿ, ಏಲಂಗೆ ಮೊದಲು ಒಂದು ಹಾಳೆಯಲ್ಲಿ ಅರ್ಜಿ ಬರೆಯಿರಿ. ಯಾವ ಜಾತ್ರೆ, ಎಷ್ಟು ಅಡಿ ಜಾಗ, ಯಾವ ಸರಕು. ಒಂದು ಪ್ರತಿ ಆಡಳಿತದವರಿಗೆ, ಒಂದು ಪ್ರತಿ ಮಣಿಪಾಲದ ರಜತಾದ್ರಿಯಲ್ಲಿ ಜಿಲ್ಲಾಧಿಕಾರಿಗಳ ಕಚೇರಿಗೆ, ಸ್ವೀಕೃತಿ ಮೊಹರು ಹಾಕಿಸಿದ್ದು ನಿಮ್ಮ ಹತ್ತಿರ. ಬೀದಿಯಲ್ಲಿ ಅಂಗಡಿ ಹಾಕುವವರು 2014ರ ಬೀದಿ ವ್ಯಾಪಾರಿಗಳ ಕಾಯಿದೆಯನ್ನು ಅರ್ಜಿಯಲ್ಲಿ ನಮೂದಿಸಿ. ಹಿಂದೂ ವ್ಯಾಪಾರಿಗಳು ತಮ್ಮ ಪಕ್ಕದಲ್ಲಿ ವರ್ಷಗಟ್ಟಲೆ ಅಂಗಡಿ ಹಾಕಿದವನ ಅರ್ಜಿಗೆ ಸಾಕ್ಷಿ ಸಹಿ ಹಾಕಿ, ಅದಕ್ಕೆ ಖರ್ಚಿಲ್ಲ. ಜಾಗ ಕೊಡುವುದಿಲ್ಲ ಎಂದಾದರೆ ಕಾರಣ ತೋರಿಸಿ ಹಿಂಬರಹ ಕೊಡಲಿ: ನೀನು ಈ ಮತದವನಾದ್ದರಿಂದ ಕರ್ನಾಟಕ ಸರಕಾರದ ನಿಯಮದ ಪ್ರಕಾರ ನಿನಗೆ ಜಾಗವಿಲ್ಲ ಎಂದು, ಅಧಿಕಾರಿಯ ಸಹಿ, ತಾರೀಕು, ಮೊಹರು ಸಮೇತ. ಹಿಂಬರಹ ಸಿಕ್ಕವರು ಅದನ್ನು ನಮ್ಮ ಕಚೇರಿಗೆ ತನ್ನಿ. ಅರ್ಜಿ ಬರೆಯಲು ಬಾರದವರು ಭಾನುವಾರ ಬೆಳಗ್ಗೆ ಬನ್ನಿ, ನಾನು ಅಲ್ಲಿಯೇ ಇರುತ್ತೇನೆ, ಬರೆದುಕೊಡುತ್ತೇನೆ.